ಮಾಸ್ತರರ ಪಾಳಿ

ನನ್ನ ಮೊಮ್ಮಗಳು ಜನರನ್ನು ಕರೆದಾಗ ಮೊದಲು ಯಾರೂ ಬರಲಿಲ್ಲ. ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯುವ ಕರೆ ಅಲ್ಲ ಅದು. ಕಂಪ್ಯೂಟರಿನಲ್ಲಿ ಬರೆದು ಹಾಕಿದ್ದಳು. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ಅದನ್ನು ತೆರೆದು ನೋಡುತ್ತಿದ್ದಳು. ಯಾರ ಉತ್ತರವೂ ಇರುತ್ತಿರಲಿಲ್ಲ. ಚಹಾ ಕುಡಿದು ಕೆಲಸಕ್ಕೆ ಹೋಗುತ್ತಿದ್ದಳು.

ಅದೇ ಕಾಲದಲ್ಲಿ ಬಳ್ಳಾರಿಗೆ ಕರೆಯದೆಯೇ ದೇಶದ ಮಂದಿಯೆಲ್ಲ ಬರುತ್ತಿದ್ದರು. ಕೆಂಪು ಮಣ್ಣಿಗೆ ಬೆಲೆ ಬಂದಿತ್ತು. ಗುಡ್ಡ ಕಡಿದು ಲಾರಿಗೆ ತುಂಬಿ ಒಯ್ಯುತ್ತಿದ್ದರು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆ ಮೇಲೆ ಬೆಳಿಗ್ಗೆ ಒಣಹಾಕಿದ ನನ್ನ ಬಿಳಿ ಸೀರೆ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಬೈಯುವ ಹಾಗಿರಲಿಲ್ಲ. ನನ್ನ ಮಗನೂ ಅದಿರಿನ ಲಾರಿ ಓಡಿಸುತ್ತಿದ್ದ. ನಾವು ಉಣ್ಣುತ್ತಿದ್ದದ್ದು ಅದೇ ದೂಳಿನ ಅನ್ನ.

ಮೊಮ್ಮಗಳು ಆ ಮಗನ ಮಗಳು. ಕೌಲ್ ಬಜಾರಿನ ಒಂದು ಕಂಪ್ಯೂಟರ್ ತರಬೇತಿ ಸೆಂಟರಿನಲ್ಲಿ ಕಲಿಸುತ್ತಿದ್ದಳು. ಮನೆಗೆ ಬಂದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಕುಟ್ಟುವುದು. ಒಂದು ದಿನ ಕೇಳಿದೆ.

"ಏನವ್ವಾ ಅದು, ಅವಲಕ್ಕಿ ಕುಟ್ಟಿದಂಗ ಕುಟ್ಟತೀಯಲ್ಲ?"

"ಚೌಕಟ್ಟು ಅಜ್ಜಿ. ಬಾಗಿಲ ಚೌಕಟ್ಟು ಇರತೈತಲ್ಲ, ಹಂಗ. ವೆಬ್‌ಸೈಟ್ ಕಟ್ಟೋರು ಮೊದಲಿಂದ ಎಲ್ಲಾ ಮಾಡೋದು ಬ್ಯಾಡ, ಇದನ್ನ ತಗೊಂಡು ಇದರ ಮ್ಯಾಲ ಕಟ್ಟಬಹುದು."

"ಎಷ್ಟಕ್ಕ ಮಾರತೀ?"

"ಮಾರಾಂಗಿಲ್ಲ. ಪುಕ್ಕಟೆ. ಒಳಗ ಹೆಂಗ ಮಾಡೀನಿ ಅನ್ನೋದನ್ನೂ ತೆರೆದಿಟ್ಟೀನಿ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು."

"ನಿಮ್ಮಪ್ಪ ಲಾರಿ ತುಳದು ತುಳದು ನಿನಗ ಕಂಪ್ಯೂಟರ್ ಕೊಡಿಸಿದ್ದು ಧರ್ಮಛತ್ರ ಇಡಾಕೇನು?"

ಅವಳು ನಕ್ಕಳು. ನಾನು ನಗಲಿಲ್ಲ.

ಕರೆದದ್ದು ಯಾಕೆ ಅಂದರೆ ಪ್ಲಗಿನ್ ಮಾಡಲಿಕ್ಕೆ ಅಂದಳು. ನಾನು ಗೋಡೆಯಲ್ಲಿರುವ ಕರೆಂಟಿನ ಪ್ಲಗ್ಗು ಅಂದುಕೊಂಡೆ. ಕರೆಂಟೇ ಇರದ ಊರಲ್ಲಿ ಪ್ಲಗ್ ಮಾಡಿ ಏನು ಮಾಡ್ತಾರೆ ಅಂದೆ. ಆಗ ಬಿಡಿಸಿ ಹೇಳಿದಳು. "ಚೌಕಟ್ಟು ನಾ ಮಾಡೀನಿ. ಅಗಳಿ ಒಬ್ರು, ಪರದೆ ಒಬ್ರು ಮಾಡಿ ತಂದು ಇದಕ್ಕ ಸಿಗಸಬೇಕು. ಆ ಸಿಗಸೋ ತುಂಡೇ ಪ್ಲಗಿನ್. ಎಲ್ಲಾ ನಾನ ಮಾಡಿದ್ರ ನಾ ಕೈಬಿಟ್ಟ ದಿನ ಇದು ಸಾಯ್ತೈತಿ. ನಾಕು ಮಂದಿ ಕೈ ಹಾಕಿದ್ರ ಉಳೀತೈತಿ."

ಅದು ನನಗೆ ತಿಳಿಯಿತು. ಒಬ್ಬರ ಕೈಯಲ್ಲಿ ಇರುವುದು ಒಬ್ಬರ ಜೊತೆ ಹೋಗುತ್ತದೆ.

ಸೆಂಟರಿನಲ್ಲಿ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಿದ್ದರಂತೆ. ಮಾಡುತ್ತಲೂ ಇದ್ದರಂತೆ. ತೋರಿಸಿ ಅಂದರೆ "ಪೂರ್ತಿ ಆಗಲಿ ಮೇಡಂ" ಅನ್ನುವುದು. ನಮ್ಮ ಮಂದಿಗೆ ಅರ್ಧ ಆದದ್ದನ್ನು ತೋರಿಸುವುದೆಂದರೆ ಅರ್ಧ ಸೀರೆ ಉಟ್ಟು ಬೀದಿಗೆ ಬಂದ ಹಾಗೆ. ಪೂರ್ತಿ ಆಗುವುದಿಲ್ಲ, ತೋರಿಸುವುದೂ ಇಲ್ಲ.

"ನೀ ಬರೇ ಕರೀತೀ," ಅಂದೆ ಒಂದು ದಿನ. ಅವಳ ಮುಖ ನೋಡಿ ನೋಡಿ ಬೇಸರ ಬಂದಿತ್ತು. "ನೀ ಯಾರ ಹೊಲಕ್ಕ ಹೋಗೀದಿ? ಮುಯ್ಯಿ ಅಂದ್ರ ಗೊತ್ತೈತೇನು ನಿನಗ?"

ಅವಳಿಗೆ ಗೊತ್ತಿರಲಿಲ್ಲ. ನಾನು ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಲ್ಲಿ. ಕಾಲುವೆ ನೀರಿನ ಊರು. ಭತ್ತದ ನಾಟಿಗೆ ಕೂಲಿಯವರು ಸಿಗದಿದ್ದಾಗ ಮುಯ್ಯಾಳು. ಇವತ್ತು ನಮ್ಮ ಗದ್ದೆಗೆ ನೀವು ಬರುವುದು, ನಾಳೆ ನಿಮ್ಮ ಗದ್ದೆಗೆ ನಾವು ಹೋಗುವುದು. ಯಾರದು ಯಾವತ್ತು ಅನ್ನುವುದೇ ಪಾಳಿ. ಮುಯ್ಯಿಗೆ ಬಂದವರಿಗೆ ಹೊಲದ ಕಸ-ಕಳೆ ಕಾಣುತ್ತದೆ ಅಂತ ಯಾರೂ ನಾಚುತ್ತಿರಲಿಲ್ಲ. ಕಸ ಇದೆ ಅಂತಲೇ ಕರೆದದ್ದು. ಆದರೆ ಮೊದಲ ದಿನ ತನ್ನ ಹೊಲಕ್ಕೇ ಬನ್ನಿ ಅಂದವಳ ಹತ್ತಿರ ಯಾರೂ ಹೋಗುತ್ತಿರಲಿಲ್ಲ.

ನಾನು ಬುದ್ಧಿ ಹೇಳಿದ್ದಲ್ಲ, ಬೈದದ್ದು. ಅವಳು ಅದನ್ನು ಬುದ್ಧಿ ಅಂತ ತೆಗೆದುಕೊಂಡಳು.

ಕೌಲ್ ಬಜಾರಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಸಾಹೇಬರೊಬ್ಬರಿದ್ದರು. ನಲವತ್ತರ ಆಸುಪಾಸಿನವರು, ಬಾಯಿ ಜೋರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕಾರ್ಡು. ತಮ್ಮ ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದರು. ಅದರಲ್ಲಿ ಉರ್ದು ಸಾಲು ಬಲದಿಂದ ಶುರುವಾಗದೆ ಎಡಕ್ಕೆ ಹೋಗಿ ಕೂತು, ಮದುಮಗನ ಹೆಸರು ಮದುಮಗಳ ಅಪ್ಪನ ಜಾಗದಲ್ಲಿ ಬರುತ್ತಿತ್ತಂತೆ. ಮೊಮ್ಮಗಳು ಹೋಗಿ ಅವರ ಅಂಗಡಿಯಲ್ಲಿ ಕೂತಳು. ಸೆಂಟರು ಮುಗಿದ ಮೇಲೆ ದಿನಾ ಅಲ್ಲಿಗೇ. ತನ್ನ ಚೌಕಟ್ಟಿನ ಮಾತೇ ಎತ್ತಲಿಲ್ಲ. ಉರ್ದು ಸಾಲು ನೆಟ್ಟಗಾದ ದಿನ ಅವರೇ ಕೇಳಿದರಂತೆ, "ಈಗ ನಿಂದೇನೈತಿ ಹೇಳು ತಂಗೀ" ಅಂತ.

ಹಾಗೆ ಶುರುವಾಯಿತು. ಆ ಉರ್ದು ಸಾಲೇ ಸಾಹೇಬರ ತುಂಡಾಯಿತು. ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕೂಡುವುದು. ಒಂದು ಭಾನುವಾರ ಒಬ್ಬರ ಪಾಳಿ. ಆ ದಿನ ಎಲ್ಲರೂ ಅವರೊಬ್ಬರ ತುಂಡಿನ ಮೇಲೇ ಕೆಲಸ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಆಫೀಸಿನಲ್ಲಿದ್ದ ಹುಡುಗಿ ಬಸ್ಸಿಗೆ ಬರುತ್ತಿದ್ದಳು. ಫೋಟೋ ಸಾಲಾಗಿ ತೋರಿಸುವ ತುಂಡು ಅವಳದು. ನಾನು ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡುತ್ತಿದ್ದೆ. ಮಾಡದಿದ್ದರೆ ಹೊರಗೆ ಹೋಗಿ ತಿಂದು ಅರ್ಧ ದಿನ ಕಳೆಯುತ್ತಿದ್ದರು.

ಕಂಪ್ಯೂಟರಿನಲ್ಲಿ ಆ ಗುಂಪಿನ ಪುಟಕ್ಕೆ ಮೊಮ್ಮಗಳು "ಮುಯ್ಯಿ" ಅಂತಲೇ ಹೆಸರಿಟ್ಟಳು. ಮೈಸೂರು ಕಡೆಯ ಯಾರೋ ಬರೆದು ಕೇಳಿದರಂತೆ, "ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೀರಿ?" ಅಂತ. ಕಾರ್ಡಿನ ಸಾಹೇಬರು ಬಿದ್ದು ಬಿದ್ದು ನಕ್ಕರು.

"ಅಜ್ಜಿ, ನಿಮ್ಮ ಮಾತಿಗೆ ಎರಡು ಬಾಯಿ ಅದಾವಲ್ರಿ. ಮುಯ್ಯಿಗೆ ಬಂದೋರು ಕೆಲಸ ಮಾಡಾಕ ಬಂದೋರೋ, ಹೊಡಿಯಾಕ ಬಂದೋರೋ?"

"ಮಿರ್ಚಿ ತಿನ್ನಾಕ ಬಂದೋರು," ಅಂದೆ.

ಕುರುಗೋಡಿನ ಮಾಸ್ತರರು ಬಂದದ್ದು ಆಮೇಲೆ. ಹೈಸ್ಕೂಲಿನ ಕನ್ನಡ ಮಾಸ್ತರರು. ಸಣ್ಣ ಆಳು. ದೂಳಿಗೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದರು. ಮನೆಯೊಳಗೆ ಬಂದು ಅದನ್ನು ಬಿಚ್ಚಿದರೆ ಮುಖದಲ್ಲಿ ಅರ್ಧ ಕೆಂಪು, ಅರ್ಧ ಬಿಳಿ. ಕಂಪ್ಯೂಟರು ಕನ್ನಡದ ಹೆಸರುಗಳನ್ನು ಸರಿಯಾದ ಸಾಲಿನಲ್ಲಿ ನಿಲ್ಲಿಸುವುದಿಲ್ಲ ಅನ್ನುವುದು ಅವರ ಸಿಟ್ಟು.

"ಯ ರ ಲ ವ ಶ ಷ ಸ ಹ ಳ. ಹೌದಿಲ್ರಿ ಅಮ್ಮಾ?" ಅಂತ ನನ್ನನ್ನು ಕೇಳಿದರು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಅಷ್ಟು ನನಗೂ ಗೊತ್ತು. "ಹೌದು. ಳ ಕಡೀಕ."

"ಳ ಅನ್ನೋದು ಕಡೀ ಬೆಂಚಿನ ಹುಡುಗ್ರಿ. ಕಂಪ್ಯೂಟರ್ ಮಾಡಿದೋರು ಅದನ್ನ ಎಳಕೊಂಡು ಬಂದು ಲ ಬಾಜೂಕ ಕುಂದ್ರಿಸ್ಯಾರ. ಪಾಪ, ಅಲ್ಲಿ ಅದಕ್ಕ ಯಾರ ಗುರ್ತೂ ಇಲ್ಲ."

ಅಂಥ ಮನುಷ್ಯ. ಹೆಸರುಗಳನ್ನು ವರ್ಣಮಾಲೆಯ ಪ್ರಕಾರ ನಿಲ್ಲಿಸುವ ತುಂಡನ್ನು ಅವರೇ ಮನೆಯಲ್ಲಿ ಕೂತು ಮಾಡುತ್ತಿದ್ದರು. ಬೇರೆಯವರ ಪಾಳಿಯ ದಿನ ಬಂದು ಜೀವ ಬಿಟ್ಟು ಕೆಲಸ ಮಾಡುತ್ತಿದ್ದರು. ತಮ್ಮ ಪಾಳಿ ಬಂದರೆ ಮಾತ್ರ "ಮುಂದಿನ ವಾರ" ಅನ್ನುವುದು.

"ಸರ್, ಹಸೀದ ತರ್ರಿ," ಅನ್ನುತ್ತಿದ್ದಳು ಮೊಮ್ಮಗಳು. "ಇಲ್ಲೇ ಬೇಯಿಸೋಣ."

"ಒರಟು ಪ್ರತಿ ತೋರಸಬ್ಯಾಡ್ರಲೇ ಅಂತ ಹುಡುಗರಿಗೆ ಬೈಯೋ ಮಾಸ್ತರ ನಾನು. ಶುದ್ಧ ಪ್ರತಿ ಆಗಲಿ, ತರತೀನಿ."

ಅಷ್ಟರಲ್ಲಿ ಸಿರುಗುಪ್ಪದ ಹುಡುಗಿಗೆ ಅದಿರಿನ ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಭಾನುವಾರವೂ ಲಾರಿ ನಿಲ್ಲುವುದಿಲ್ಲ. ಅವಳು ಬರುವುದು ನಿಂತಿತು. ಸೆಂಟರಿನ ಹುಡುಗರು ಇಬ್ಬರು ಮೂವರು ಬಂದು ಹೋಗುತ್ತಿದ್ದವರು, ಅವರೂ ಅದೇ ದಾರಿ ಹಿಡಿದರು. ಯಾರನ್ನೂ ತಪ್ಪು ಅನ್ನಲಾರೆ. ಹಚ್ಚೊಳ್ಳಿಯಲ್ಲೂ ಹಾಗೇ ಆಗಿತ್ತು. ಗದ್ದೆಗೆ ಬರುವವರು ಅದಿರು ಆರಿಸಲಿಕ್ಕೆ ಟ್ರ್ಯಾಕ್ಟರ್ ಹತ್ತಿ ಹೋದರು. ಪಡಸಾಲೆಯಲ್ಲಿ ಉಳಿದದ್ದು ಸಾಹೇಬರು, ಮಾಸ್ತರರು, ಮೊಮ್ಮಗಳು. ಮಾಸ್ತರರ ತುಂಡು ಬಂದರೆ ಬೇರೆ ಊರಿನ ಕನ್ನಡದವರೂ ಈ ಚೌಕಟ್ಟಿಗೆ ಬರುತ್ತಾರೆ, ಇಲ್ಲದಿದ್ದರೆ ಇದು ಮೂವರಲ್ಲೇ ಮುಗಿಯುತ್ತದೆ ಅಂತ ಅವಳಿಗೆ ಗಟ್ಟಿಯಾಗಿತ್ತು. ಫೋನು ಮಾಡಿ ಹಟ ಹಿಡಿದಳು. ಈ ಭಾನುವಾರ ನಿಮ್ಮದೇ ಪಾಳಿ, ಬೇರೆ ಮಾತಿಲ್ಲ ಅಂದಳು.

ಮಾಸ್ತರರು ಒಪ್ಪಿದರು. ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ತಿಳಿಯುತ್ತಿಲ್ಲ, ಕಂಪ್ಯೂಟರಿನ ಡಬ್ಬಿಯನ್ನೇ ತರುತ್ತೇನೆ ಅಂದರಂತೆ. ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೊರಟರು.

ಒಗ್ಗರಣಿ ಆರಿಹೋಯಿತು. ಸಾಹೇಬರು ಎರಡು ಸಲ ಬೀದಿಗೆ ಹೋಗಿ ನೋಡಿ ಬಂದರು. ಮಧ್ಯಾಹ್ನ ಅವರ ಮೊಬೈಲಿಗೆ ಸುದ್ದಿ ಬಂತು. ಊರ ಹೊರಗೆ, ಅದಿರು ಸುರಿಯುವ ಯಾರ್ಡಿನಿಂದ ಬಂದ ಲಾರಿ ಮಾಸ್ತರರ ಸ್ಕೂಟರಿಗೆ ಬಡಿದಿತ್ತು. ಅದು ನಿಲ್ಲಲಿಲ್ಲ. ಆ ದಿನಗಳಲ್ಲಿ ಯಾವ ಲಾರಿಯೂ ನಿಲ್ಲುತ್ತಿರಲಿಲ್ಲ.

ನನ್ನ ಮಗ ಆ ಹೊತ್ತಿಗೆ ಬೇರೆ ದಾರಿಯಲ್ಲಿದ್ದ. ನಾನು ಕೇಳಿ ತಿಳಿದುಕೊಂಡೆ. ಹೆತ್ತ ಮಗನನ್ನು ಅಂಥ ಮಾತು ಕೇಳಬೇಕಾಯಿತು. ಅವನು ಹೇಳಿದ, ತಾಟು ಸರಿಸಿ ಎದ್ದುಹೋದ.

ಮಾಸ್ತರರ ಮಣ್ಣಿಗೆ ಹೋಗಿ ಬಂದೆವು. ಮೊಮ್ಮಗಳು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದಳು. ಆ ಪುಟ ತೆಗೆದುಹಾಕುತ್ತೇನೆ, ಇನ್ನು ಯಾರನ್ನೂ ಕರೆಯುವುದಿಲ್ಲ ಅಂದಳು. ತಡೆದವರು ಸಾಹೇಬರು.

"ಮುಚ್ಚೋದು ಒಂದು ನಿಮಿಷದ ಕೆಲಸ ತಂಗೀ. ಮಾಸ್ತರರ ತುಂಡು ಆ ಡಬ್ಬ್ಯಾಗ ಬಿಟ್ರ ಎಲ್ಲೂ ಇಲ್ಲ. ಅದನ್ನ ತಂದು ಹಚ್ಚೋಣ. ಆಮ್ಯಾಲ ಮುಚ್ಚು ಬೇಕಾರ."

ದಿನಕರ್ಮ ಎಲ್ಲ ಮುಗಿದ ಮೇಲೆ ಮೂವರೂ ಬಸ್ಸಿಗೆ ಕುರುಗೋಡಿಗೆ ಹೋದೆವು. ಮಾಸ್ತರರ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಅನ್ನಲಿಲ್ಲ. ಡಬ್ಬಿ ಅವಳ ಹಿಂದೆ ಮೂಲೆಯಲ್ಲಿತ್ತು, ಒಂದು ಮಗ್ಗಲು ಒಳಕ್ಕೆ ತಗ್ಗಿತ್ತು, ಕೌದಿ ಇನ್ನೂ ಸುತ್ತಿಯೇ ಇತ್ತು. ಸಾಹೇಬರು ಮೆಲ್ಲಗೆ ವಿಷಯ ಹೇಳಿದರು. ಅವಳು ಪೂರ್ತಿ ಕೇಳಿದಳು.

"ಮುಯ್ಯಿ ಅಂತ ಹೆಸರಿಟ್ಟೀರಂತಲ್ಲ ನಿಮ್ಮ ಸಂಘಕ್ಕ. ನಮ್ಮವ್ರು ಹೇಳತಿದ್ರು," ಅಂದಳು. ಆಮೇಲೆ ನನ್ನ ಮೊಮ್ಮಗಳನ್ನು ನೋಡಿ, "ತೀರಿತೇನ್ರಿ ಮುಯ್ಯಿ?" ಅಂದಳು.

"ನಿಮ್ಮ ಮನ್ಯಾಗೂ ಲಾರಿ ಐತಂತಲ್ಲ," ಅಂದಳು ನನಗೆ.

"ಐತಿ," ಅಂದೆ. "ನನ್ನ ಮಗ ಓಡಸ್ತಾನ."

"ಹೋಗ್ರಿ. ಡಬ್ಬಿ ಕೊಡಾಂಗಿಲ್ಲ. ಅವ್ರು ಮುಟ್ಟಿದ್ದು ಅದೊಂದು ಐತಿ."

ಕಾಡಿ ಬೇಡುವ ಜಾಗ ಅಲ್ಲ ಅದು. ಹೊರಟೆವು. ಮನೆಯ ಹಿಂದೆಯೇ ಅವರ ಹೊಲ, ಮೆಣಸಿನ ಗಿಡ. ಗಿಡಕ್ಕಿಂತ ಕಸ ಎತ್ತರ. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವನು ಹೇಳಿದ, ಕಸ ತೆಗೆಯಲಿಕ್ಕೆ ಊರಲ್ಲಿ ಆಳೇ ಇಲ್ಲ, ಬೆಳಿಗ್ಗೆಯೇ ಅದಿರಿನ ಯಾರ್ಡಿನ ಗಾಡಿ ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತದೆ ಅಂತ.

ಬಸ್ಸಿನಲ್ಲಿ ಮೊಮ್ಮಗಳು ಅಳುತ್ತಿದ್ದಳು. ನಾನು ಸಮಾಧಾನ ಮಾಡಲಿಲ್ಲ. "ಹಚ್ಚೊಳ್ಳ್ಯಾಗ ಒಂದು ರೀತಿ ಇತ್ತು," ಅಂದೆ. "ಮುಯ್ಯಾಗಿನವರು ಯಾರರ ಸತ್ತರ, ಮೊದಲ ಪಾಳಿ ಅವರ ಹೊಲದ್ದು. ಉಳಿದವರದು ಎಲ್ಲಾ ಆಮ್ಯಾಲ."

"ಕಂಪ್ಯೂಟರ್ ಮಂದಿ ಅಜ್ಜಿ ನಾವು," ಅಂದರು ಸಾಹೇಬರು.

"ಕೈ ಅದಾವಿಲ್ಲೋ?"

ಮುಂದಿನ ಭಾನುವಾರ ಮತ್ತೆ ಕುರುಗೋಡಿಗೆ ಹೋದೆವು. ಕಸ ಕೀಳುವ ಕುರ್ಚಿಗಿಗಳನ್ನು ನಾನೇ ಸಂತೆಯಿಂದ ತಂದಿದ್ದೆ, ರೊಟ್ಟಿಯನ್ನೂ ಕಟ್ಟಿಕೊಂಡಿದ್ದೆ. ಮುಯ್ಯಿಗೆ ಹೋದ ಮನೆಯಲ್ಲಿ ಉಣ್ಣಬಹುದು. ಆದರೆ ಅವಳು ಹಾಕುತ್ತಾಳೆ ಅನ್ನುವ ಭರವಸೆ ನನಗಿರಲಿಲ್ಲ. ಅವಳನ್ನು ಕೇಳಲೂ ಇಲ್ಲ, ಹೊಲಕ್ಕೆ ಇಳಿದೆವು. ಸಾಹೇಬರು ಪ್ಯಾಂಟು ಮಡಚಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಮೊಣಕಾಲು ಹಿಡಿದುಕೊಂಡಿತು. ಮೊಮ್ಮಗಳಿಗೆ ಮೆಣಸಿನ ಸಸಿಗೂ ಗಣಿಕೆ ಸೊಪ್ಪಿನ ಗಿಡಕ್ಕೂ ವ್ಯತ್ಯಾಸ ತಿಳಿಯದು. ಎರಡರ ಎಲೆಯೂ ಒಂದೇ ಥರ.

ಮಾಸ್ತರರ ಹೆಂಡತಿ ಬದುವಿನ ಮೇಲೆ ಬಂದು ನಿಂತು ನೋಡಿದಳು.

"ಏನವ್ವಾ, ಬೆಳಿ ಕಿತ್ತು ಕಸ ಉಳಿಸಾಕ ಬಂದೀಯೇನು?" ಅಂದಳು.

ಮೊಮ್ಮಗಳು ಕೈಯಲ್ಲಿದ್ದ ಸಸಿ ನೋಡಿದಳು. ಮೆಣಸಿನ ಸಸಿಯೇ.

"ಇಕಾ, ಎಲಿ ಹಿಂಗ ಉಜ್ಜಿ ಮೂಸು. ಖಾರದ್ದು ಬ್ಯಾರೆ ವಾಸನಿ." ಇಳಿದು ಬಂದು ಪಕ್ಕದ ಸಾಲು ಹಿಡಿದಳು. ಸಂಜೆ ನಾವು ಬಸ್ಸಿಗೆ ಹೊರಟಾಗ ಒಳಗೆ ಹೋಗಿ ಡಬ್ಬಿ ಎತ್ತಿಕೊಂಡು ಬಂದು ಸಾಹೇಬರ ಕೈಗೆ ಕೊಟ್ಟಳು. ಕೌದಿ ಬಿಚ್ಚಿ ತಾನಿಟ್ಟುಕೊಂಡಳು.

ಇಲ್ಲಿಗೆ ಕತೆ ಸುಖವಾಗಬೇಕಿತ್ತು. ಆಗಲಿಲ್ಲ. ಸಾಹೇಬರು ಡಬ್ಬಿಯನ್ನು ತಮಗೆ ಗೊತ್ತಿದ್ದ ರಿಪೇರಿಯವನ ಹತ್ತಿರ ಬಿಚ್ಚಿಸಿದರು. ಒಳಗೆ ಎಲ್ಲವನ್ನೂ ಬರೆದಿಡುವ ಬಿಲ್ಲೆ ಇರುತ್ತದಂತೆ. ಅದು ಕಟ್ ಕಟ್ ಅಂತ ಸದ್ದು ಮಾಡಿತು, ಅಷ್ಟೇ. ಹೈದರಾಬಾದಿಗೂ ಕಳಿಸಿದರು. ಅಲ್ಲಿಂದಲೂ ಹಾಗೇ ವಾಪಸು ಬಂತು. ಮಾಸ್ತರರ ಒರಟು ಪ್ರತಿಯೂ ಇಲ್ಲ, ಶುದ್ಧ ಪ್ರತಿಯೂ ಇಲ್ಲ. ಮೊಮ್ಮಗಳು ತಾನೇ ಆ ತುಂಡು ಬರೆಯಲು ಕೂತಳು. ಳ-ವನ್ನು ಕಡೆಯ ಬೆಂಚಿಗೆ ಕಳಿಸಿದಳು. ಒತ್ತಕ್ಷರದಲ್ಲಿ ಸಿಕ್ಕಿಬಿದ್ದಳು. ಕೇಳೋಣ ಅಂದರೆ ಯಾರೂ ಇಲ್ಲ. ಒಂದು ದಿನ ಎದ್ದಳು, ಮತ್ತೆ ಕೂರಲಿಲ್ಲ.

"ಮುಚ್ಚಲೇನು ಅಜ್ಜಿ?" ಅಂದಳು.

"ಸತ್ತದ್ದನ್ನ ಮುಚ್ಚಬೇಕು," ಅಂದೆ.

ಮುಚ್ಚಿದಳು. ಉರ್ದು ಸಾಲಿನ ತುಂಡು ಮಾತ್ರ ಸಾಹೇಬರ ಅಂಗಡಿಯಲ್ಲಿ ಬಹಳ ದಿನ ಓಡಿತು, ಆ ಕಂಪ್ಯೂಟರು ಹಾಳಾಗುವ ತನಕ.

ಡಬ್ಬಿಯಲ್ಲಿ ಏನೂ ಸಿಗಲಿಲ್ಲ ಅಂತ ಕುರುಗೋಡಿಗೆ ಹೇಳಬೇಕಿತ್ತು. ಮೊಮ್ಮಗಳಿಗೆ ಬಾಯಿ ಬರಲಿಲ್ಲ. ನಾನೇ ಫೋನು ಹಿಡಿದು ಮಾಸ್ತರರ ಹೆಂಡತಿಗೆ ಹೇಳಿದೆ.

"ಹಂಗಾರ ನೀವು ಕಸ ತೆಗದದ್ದು ದಂಡ ಆತಲ್ಲ," ಅಂದಳು.

"ಡಬ್ಬಿಗೆ ತೆಗದದ್ದಲ್ಲ," ಅಂದೆ.

ಆಮೇಲೆ, "ಎರಡನೇ ಕಸ ಎದ್ದೈತಿ. ಈ ಸಲ ಮೆಣಸಿನ ಗಿಡ ಗುರ್ತು ಹಿಡೀತಾಳೇನು ನಿಮ್ಮ ಹುಡುಗಿ?" ಅಂದಳು.

ಮೊಮ್ಮಗಳಿಗೆ ಹೇಳಿದೆ. ಅವಳು ಕುರ್ಚಿಗಿ ಹುಡುಕಿದಳು. ಸಾಹೇಬರು ಮದುವೆ ಸೀಜನ್ನು, ಬರಲಾಗುವುದಿಲ್ಲ ಅಂದವರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಮಾಸ್ತರರ ಹೆಂಡತಿ ನಮ್ಮನ್ನು ಕ್ಷಮಿಸಿದ್ದಾಳೆ ಅಂತ ನಾನು ಅಂದುಕೊಂಡಿಲ್ಲ. ಈವತ್ತಿಗೂ ಮನೆಯೊಳಗೆ ಕರೆದಿಲ್ಲ, ಬದುವಿನ ಮೇಲೇ ನೀರು ಕೊಡುತ್ತಾಳೆ. ನಮ್ಮದು ಅಂತ ಒಂದು ಗೇಣು ಹೊಲ ಇಲ್ಲ, ಆದ್ದರಿಂದ ತಿರುಗಿ ನಮ್ಮ ಹೊಲಕ್ಕೆ ಬರುವ ಪಾಳಿ ಅವಳಿಗಿಲ್ಲ. ಮಳೆ ಬಿದ್ದು ಕಸ ಎದ್ದರೆ ಫೋನು ಬರುತ್ತದೆ. ನನ್ನ ಮೊಣಕಾಲು ಹೋಗಿದೆ, ನಾನು ಈಗ ಹೋಗುವುದಿಲ್ಲ. ಅವರಿಬ್ಬರು ಹೋಗುತ್ತಾರೆ.